ಯೂರೋವಿಷನ್: ಅಂಕದ ಲೆಕ್ಕ ಗೊತ್ತಾದರೆ ಹಾಡು ಬೇರೆ ಥರ ಕೇಳುತ್ತೆ

ಯೂರೋವಿಷನ್ ಅಂದರೆ ಯೂರೋಪಿನ ಟಿವಿ ಸಂಸ್ಥೆಗಳು ಸೇರಿ ನಡೆಸುವ, ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆ. 2016ರ ಅದರ ಫೈನಲ್‌ನಲ್ಲಿ ತೀರ್ಪುಗಾರರಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆಸ್ಟ್ರೇಲಿಯಾದ ಹಾಡು. ಜನರ ವೋಟಿನಲ್ಲಿ ಮೊದಲು ಬಂದಿದ್ದು ರಷ್ಯಾ. ಗೆದ್ದಿದ್ದು ಮಾತ್ರ ಉಕ್ರೇನ್.

ಮೋಸ ಏನೂ ಆಗಿರಲಿಲ್ಲ. ಉಕ್ರೇನಿನ ಜಮಾಲಾ ತೀರ್ಪುಗಾರರ ಲೆಕ್ಕದಲ್ಲೂ ಎರಡನೆಯವಳು, ಜನರ ಲೆಕ್ಕದಲ್ಲೂ ಎರಡನೆಯವಳು. ತೀರ್ಪುಗಾರರಿಂದ 211, ಜನರಿಂದ 323, ಒಟ್ಟು 534. ಆಸ್ಟ್ರೇಲಿಯಾಕ್ಕೆ ತೀರ್ಪುಗಾರರು 320 ಕೊಟ್ಟರೂ ಜನರಿಂದ ಸಿಕ್ಕಿದ್ದು 191 ಮಾತ್ರ, ಹಾಗಾಗಿ 511ಕ್ಕೆ ನಿಂತಿತು. ರಷ್ಯಾಕ್ಕೆ ಜನರಿಂದ 361 ಬಂತು, ತೀರ್ಪುಗಾರರಿಂದ ಬರೀ 130. ಮೂರನೇ ಸ್ಥಾನ.

ಈ ಸ್ಪರ್ಧೆ ನನಗೆ ಯಾಕೆ ಇಷ್ಟು ಇಷ್ಟ ಅನ್ನೋದಕ್ಕೆ ಈ ಒಂದು ಫಲಿತಾಂಶ ಸಾಕು. ಬಣ್ಣದ ಬಟ್ಟೆ, ಹೊಗೆ, ಬೆಂಕಿ ಎಲ್ಲ ಇರುತ್ತೆ, ಅದು ನೋಡೋಕೂ ಚೆನ್ನಾಗಿರುತ್ತೆ. ಆದರೆ ಒಂದು ಹಾಡು ಕೋಟಿಗಟ್ಟಲೆ ಕಿವಿಗಳ ಮೇಲೆ ಬಿದ್ದು, ಅಲ್ಲಿಂದ ಅಂಕವಾಗಿ ಹೊರಗೆ ಬರುವ ದಾರಿ ಇದೆಯಲ್ಲ, ಅದನ್ನು ಅರ್ಥ ಮಾಡಿಕೊಂಡು ನೋಡಿದರೆ ಮಜಾನೇ ಬೇರೆ. ನಮ್ಮ ಕಲಬುರಗಿಯಲ್ಲೂ ರೀಲ್ಸ್‌ನಲ್ಲಿ ಇದರ ತುಣುಕು ನೋಡಿ "ಇದೇನು, ಸುಮ್ನೆ ವೇಷ ಹಾಕಿಕೊಂಡು ಕುಣಿಯೋದಾ?" ಅಂತ ಕೇಳೋ ಗೆಳೆಯರಿದ್ದಾರೆ. ಅವರಿಗಾಗಿಯೇ ಇದನ್ನು ಬರೀತಿದ್ದೇನೆ.

ಮೊದಲು ಇದು ಏನು ಅಂತ ನೋಡೋಣ. ಯೂರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳು, ಅಂದರೆ ನಮ್ಮ ದೂರದರ್ಶನದಂಥವು, 1950ರಲ್ಲಿ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಅನ್ನೋ ಒಕ್ಕೂಟ ಕಟ್ಟಿಕೊಂಡವು. ಒಂದೇ ಕಾರ್ಯಕ್ರಮವನ್ನು ಹಲವು ದೇಶಗಳಿಗೆ ಒಂದೇ ಹೊತ್ತಿಗೆ ನೇರವಾಗಿ ತೋರಿಸೋದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ಅದನ್ನು ಮಾಡಿ ತೋರಿಸೋಕೆ ಒಂದು ನೆಪ ಬೇಕಿತ್ತು. ಇಟಲಿಯಲ್ಲಿ ಸಾನ್ರೆಮೋ ಹಾಡಿನ ಹಬ್ಬ ಆಗಲೇ ನಡೀತಿತ್ತು, ಅದನ್ನೇ ಮಾದರಿ ಇಟ್ಟುಕೊಂಡು 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಮೊದಲ ಸ್ಪರ್ಧೆ ಮಾಡಿದರು. ಏಳು ದೇಶ, ಒಂದೊಂದರಿಂದ ಎರಡೆರಡು ಹಾಡು. ಗೆದ್ದವರು ಆತಿಥೇಯ ದೇಶದ ಲಿಸ್ ಅಸಿಯಾ. 2025ರಲ್ಲಿ ಬಾಸೆಲ್‌ನಲ್ಲಿ ನಡೆದಾಗ 37 ದೇಶಗಳಿದ್ದವು, ಟಿವಿಯಲ್ಲಿ ನೋಡಿದವರು 16.6 ಕೋಟಿ ಜನ.

ಇದು ಹಾಡಿನ ಸ್ಪರ್ಧೆ, ಹಾಡುವವರ ಸ್ಪರ್ಧೆಯಲ್ಲ. ಈ ಮಾತನ್ನು ಸ್ವಲ್ಪ ಗಮನ ಇಟ್ಟು ಓದಿ. ನಮ್ಮ ಟಿವಿಯ ರಿಯಾಲಿಟಿ ಷೋಗಳಲ್ಲಿ ಹಳೇ ಸಿನಿಮಾ ಹಾಡನ್ನು ಯಾರು ಚೆನ್ನಾಗಿ ಹಾಡಿದರು ಅಂತ ನೋಡ್ತಾರೆ. ಇಲ್ಲಿ ಹಾಡೇ ಹೊಸದಾಗಿರಬೇಕು. ಹಿಂದಿನ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮೊದಲು ಅದು ಮಾರುಕಟ್ಟೆಗೆ ಬಂದಿರಬಾರದು. ಹಾಡು ಬರೆದವರು, ರಾಗ ಹಾಕಿದವರು ಯಾರು ಅಂತ ತೆರೆಯ ಮೇಲೆ ಹೆಸರು ಬರುತ್ತೆ. ಹಾಡುವವರು ಆ ದೇಶದವರೇ ಆಗಿರಬೇಕು ಅಂತಲೂ ಇಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲೀನ್ ಡಿಯಾನ್ ಕೆನಡಾದವರು. ಬಹುಮಾನವಾಗಿ ದುಡ್ಡು ಕೊಡಲ್ಲ. ಗಾಜಿನ ಮೈಕ್ ಆಕಾರದ ಟ್ರೋಫಿ, ಮುಂದಿನ ವರ್ಷ ಸ್ಪರ್ಧೆ ನಡೆಸುವ ಅವಕಾಶ, ಅಷ್ಟೇ. 2022ರಲ್ಲಿ ಗೆದ್ದ ಉಕ್ರೇನಿಗೆ ಯುದ್ಧದಿಂದಾಗಿ ಅದು ಆಗಲಿಲ್ಲ. 2023ರಲ್ಲಿ ಅವರ ಪರವಾಗಿ ಇಂಗ್ಲೆಂಡಿನ ಲಿವರ್‌ಪೂಲ್ ನಡೆಸಿಕೊಟ್ಟಿತು.

ಈಗ ಅಂಕದ ವಿಷಯ. ಪ್ರತಿ ದೇಶವೂ ತನಗೆ ಹಿಡಿಸಿದ ಹತ್ತು ಹಾಡುಗಳಿಗೆ ಮಾತ್ರ ಅಂಕ ಕೊಡುತ್ತೆ. ಹತ್ತನೆಯದಕ್ಕೆ 1, ಒಂಬತ್ತನೆಯದಕ್ಕೆ 2, ಹೀಗೆ ಮೂರನೆಯದಕ್ಕೆ 8. ಎರಡನೆಯದಕ್ಕೆ 9 ಅಲ್ಲ, 10. ಮೊದಲನೆಯದಕ್ಕೆ 12. ಈ ಪದ್ಧತಿ 1975ರಿಂದ ಇದೆ. ಕೂಡಿ ನೋಡಿದರೆ ಒಂದು ಸುತ್ತಿಗೆ 58 ಅಂಕ. ಇಂಥ ಎರಡು ಸುತ್ತು ಪ್ರತಿ ದೇಶದಿಂದಲೂ ಬರುತ್ತೆ, ಒಂದು ಸಂಗೀತ ಬಲ್ಲ ತೀರ್ಪುಗಾರರದ್ದು, ಇನ್ನೊಂದು ಮನೆಯಲ್ಲಿ ಕೂತು ವೋಟ್ ಹಾಕುವ ಜನರದ್ದು. 2016ರಿಂದ ಇವೆರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕ್ತಾರೆ, ಬೇರೆ ಬೇರೆಯಾಗಿಯೇ ಹೇಳ್ತಾರೆ. ತಮ್ಮ ದೇಶದ ಹಾಡಿಗೆ ತಾವೇ ಅಂಕ ಕೊಡುವಂತಿಲ್ಲ.

ದೇಶ ದೊಡ್ಡದೋ ಚಿಕ್ಕದೋ, ಅದರ ಕೈಯಲ್ಲಿರೋದು ಅಷ್ಟೇ ಅಂಕ. ಮಾಲ್ಟಾ ಅನ್ನೋ ದ್ವೀಪದ ಜನಸಂಖ್ಯೆ ಹೆಚ್ಚೂಕಡಿಮೆ ನಮ್ಮ ಕಲಬುರಗಿ ಊರಿನಷ್ಟು. ಜರ್ಮನಿಯಲ್ಲಿ ಎಂಟು ಕೋಟಿಗಿಂತ ಹೆಚ್ಚು ಜನ. ಇಬ್ಬರ 12 ಅಂಕಕ್ಕೂ ಒಂದೇ ಬೆಲೆ. ಇದು ನನಗೆ ಬಹಳ ಸರಿ ಅನಿಸುತ್ತೆ. ಇಲ್ಲದಿದ್ದರೆ ದೊಡ್ಡ ದೇಶಗಳ ರುಚಿಯೇ ಎಲ್ಲರ ರುಚಿ ಆಗಿಬಿಡುತ್ತಿತ್ತು.

ತೀರ್ಪುಗಾರರು ಮತ್ತು ಜನ, ಇಬ್ಬರ ನಡುವಿನ ಎಳೆದಾಟ ನಮ್ಮ ಕಡೆಯವರಿಗೆ ಹೊಸದಲ್ಲ. ಜಾತ್ರೆಯಲ್ಲಿ ರಾತ್ರಿಯಿಡೀ ನಡೆಯುವ ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತೆ, ಇನ್ನೊಂದು ಹೆಣ್ಣು ಹೆಚ್ಚು ಅಂತ. ದಪ್ಪು, ತುಂತುಣಿ, ತಾಳ, ಹಿಂದೆ ಗೀಗೀ ಅನ್ನೋ ಹಿಮ್ಮೇಳ. ಪುರಾಣ ಬಲ್ಲ ಹಿರಿಯರು ಮುಂದೆ ಕೂತು ಕೇಳಿದ ಸವಾಲಿಗೆ ಸರಿಯಾದ ಜವಾಬು ಬಂತಾ ಅಂತ ತೂಗಿ ನೋಡ್ತಾರೆ. ಹಿಂದೆ ಕೂತ ಹುಡುಗರು ಹಾಡು ಮೈ ನವಿರೇಳಿಸಿದರೆ ಎದ್ದು ಬಂದು ಆಯೇರಿ ಮಾಡ್ತಾರೆ, ಜವಾಬಿನ ಕಡೆ ಅಷ್ಟು ಲಕ್ಷ್ಯ ಇರಲ್ಲ. ಎರಡೂ ಕಿವಿ ನಿಜವಾದವೇ. ಯೂರೋವಿಷನ್ ಮಾಡಿದ್ದು ಇಷ್ಟೇ, ಆ ಎರಡು ಕಿವಿಗಳಿಗೂ ಸಮ ಅಂಕ ಕೊಟ್ಟು ಕೂಡಿಸಿತು.

ಆದರೆ ಇಬ್ಬರೂ ಅಂಕ ಕೊಡುವ ರೀತಿ ಒಂದೇ ಅಲ್ಲ, ಗುಟ್ಟಿರೋದು ಅಲ್ಲೇ. ತೀರ್ಪುಗಾರರು ಎಲ್ಲ ಹಾಡುಗಳನ್ನೂ ಮೊದಲನೆಯದರಿಂದ ಕೊನೆಯದರ ತನಕ ಸಾಲಾಗಿ ಜೋಡಿಸಬೇಕು. ಅಂದರೆ ಇಷ್ಟ ಆಗದ ಹಾಡನ್ನು ಕೆಳಗೆ ತಳ್ಳುವ ಅವಕಾಶ ಅವರಿಗಿದೆ. ಜನರಿಗೆ ಆ ಅವಕಾಶ ಇಲ್ಲ. ಇಷ್ಟ ಆದದ್ದಕ್ಕೆ ವೋಟ್ ಹಾಕಬಹುದು, ಇಷ್ಟ ಆಗದ್ದಕ್ಕೆ ಏನೂ ಮಾಡೋಕಾಗಲ್ಲ. ಹಾಗಾಗಿ ನೂರರಲ್ಲಿ ಹದಿನೈದು ಜನ ಹುಚ್ಚೆದ್ದು ಪ್ರೀತಿಸಿ, ಉಳಿದ ಎಂಬತ್ತೈದು ಜನ ಮುಖ ತಿರುಗಿಸಿದರೂ ಆ ಹಾಡು ಜನರ ವೋಟಿನಲ್ಲಿ ಮೊದಲು ಬರಬಹುದು, ಯಾಕಂದರೆ ಆ ಎಂಬತ್ತೈದು ಜನರ ವೋಟು ಇಪ್ಪತ್ತೈದು ಹಾಡುಗಳಲ್ಲಿ ಹಂಚಿಹೋಗಿರುತ್ತೆ. ಅದೇ ಹಾಡು ತೀರ್ಪುಗಾರರ ಹತ್ತಿರ ಮುಗ್ಗರಿಸುತ್ತೆ. ಅಲ್ಲಿ ಒಬ್ಬನಿಗೆ ಮೊದಲನೆಯದಾಗಿ, ಇನ್ನೊಬ್ಬನಿಗೆ ಇಪ್ಪತ್ತನೆಯದಾಗಿ ಕಂಡರೆ ಮೇಲೇರೋದು ಕಷ್ಟ. 2018ರಿಂದ ಸೂತ್ರವನ್ನು ಸ್ವಲ್ಪ ಸಡಿಲ ಮಾಡಿದ್ದಾರೆ. ಈಗ ಒಬ್ಬನೇ ತೀರ್ಪುಗಾರ ಕೆಳಗಿಟ್ಟ ಅಂತ ಹಾಡು ಪೂರ್ತಿ ಮುಳುಗಲ್ಲ. ಆದರೂ ಅವರ ಒಲವು ಎಲ್ಲರಿಗೂ ಒಪ್ಪುವ ಹಾಡಿನ ಕಡೆಗೇ.

2023ರ ಫೈನಲ್ ಇದಕ್ಕೆ ಒಳ್ಳೇ ಉದಾಹರಣೆ. ಫಿನ್‌ಲೆಂಡಿನ ಕಾರಿಯಾ, ಹಸಿರು ಬಣ್ಣದ ಉಬ್ಬಿದ ತೋಳಿನ ಅಂಗಿ ಹಾಕಿಕೊಂಡು, ಅರ್ಧ ಹಾಡಿನ ತನಕ ಅಬ್ಬರಿಸಿ ಆಮೇಲೆ ಸಿಹಿ ಪಾಪ್ ರಾಗಕ್ಕೆ ಹೊರಳಿದ. ಸಭಾಂಗಣವೇ ಅವನ ಜೊತೆ ಕೂಗ್ತಿತ್ತು. ಜನ 376 ಅಂಕ ಸುರಿದರು. ತೀರ್ಪುಗಾರರು ಕೊಟ್ಟಿದ್ದು 150. ಸ್ವೀಡನ್ನಿನ ಲೋರೀನ್‌ಗೆ ತೀರ್ಪುಗಾರರಿಂದ 340, ಜನರಿಂದ 243. ಒಟ್ಟು 583 ಪಡೆದು ಅವರೇ ಗೆದ್ದರು, ಅದೂ ಎರಡನೇ ಸಲ. ಮೊದಲ ಗೆಲುವು 2012ರಲ್ಲಿ ಬಾಕುವಿನಲ್ಲಿ. ಆ ರಾತ್ರಿ ಕಾರಿಯಾನ ಅಭಿಮಾನಿಗಳಿಗೆ ಎಷ್ಟು ಸಂಕಟ ಆಗಿರಬೇಕು ಅಲ್ವಾ? ನನಗೂ ಅವನೇ ಗೆಲ್ಲಬೇಕಿತ್ತು ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ಆದರೆ ಲೋರೀನ್ ಹಾಡಿದ ರೀತಿ, ಉಸಿರು ಎಲ್ಲೂ ಜಾರದ ಹಾಗೆ ಕೊನೇ ತನಕ ಕಟ್ಟಿ ಹಿಡಿದದ್ದು, ಅದಕ್ಕೂ ತಲೆ ಬಾಗಬೇಕು.

ಹತ್ತು ಹಾಡಿಗೆ ಮಾತ್ರ ಅಂಕ ಅನ್ನೋ ನಿಯಮಕ್ಕೆ ಇನ್ನೊಂದು ಪರಿಣಾಮ ಇದೆ. ಒಂದು ಹಾಡು ಎಲ್ಲ ದೇಶಗಳಲ್ಲೂ ಹನ್ನೊಂದನೇ ಸ್ಥಾನಕ್ಕೆ ಬಂತು ಅಂತ ಇಟ್ಟುಕೊಳ್ಳಿ. ಎಲ್ಲರಿಗೂ ಪರವಾಗಿಲ್ಲ ಅನ್ನಿಸಿದ ಹಾಡು. ಅದಕ್ಕೆ ಸಿಗೋದು ಸೊನ್ನೆ. 2021ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಬ್ರಿಟನ್ನಿಗೆ ತೀರ್ಪುಗಾರರಿಂದಲೂ ಸೊನ್ನೆ, ಜನರಿಂದಲೂ ಸೊನ್ನೆ. ಅದೇ ರಾತ್ರಿ ಜರ್ಮನಿ, ಸ್ಪೇನ್, ಆತಿಥೇಯ ನೆದರ್‌ಲೆಂಡ್ಸ್, ಈ ಮೂರಕ್ಕೂ ಜನರ ವೋಟಿನಲ್ಲಿ ಸೊನ್ನೆ. ಪತ್ರಿಕೆಗಳು ನಗಾಡಿದವು. ಸೊನ್ನೆ ಬಂತು ಅಂದರೆ ಹಾಡು ಕೆಟ್ಟದ್ದು ಅಂತಲ್ಲ. ಯಾರೊಬ್ಬರಿಗೂ ಅದು ಬೇಕೇಬೇಕು ಅನ್ನಿಸಲಿಲ್ಲ ಅಂತ ಅರ್ಥ. ನೀವು ಹಾಡು ಕೇಳುವಾಗ "ಇದು ಚೆನ್ನಾಗಿದೆಯಾ" ಅಂತ ಒಂದೇ ಪ್ರಶ್ನೆ ಕೇಳಿಕೊಳ್ಳಬೇಡಿ. "ಇದಕ್ಕೋಸ್ಕರ ಯಾರಾದರೂ ಫೋನ್ ಎತ್ತುತ್ತಾರಾ" ಅಂತಲೂ ಕೇಳಿಕೊಳ್ಳಿ. ಆಗ ಫಲಿತಾಂಶ ಅಷ್ಟಾಗಿ ದಿಗಿಲು ಹುಟ್ಟಿಸಲ್ಲ.

ಇನ್ನು ಕೇಳುವ ಬಗ್ಗೆ. ಹಾಡು ಮೂರು ನಿಮಿಷ ದಾಟಬಾರದು. ವೇದಿಕೆ ಮೇಲೆ ಆರು ಜನಕ್ಕಿಂತ ಜಾಸ್ತಿ ಇರಬಾರದು. ಮುಖ್ಯ ದನಿ ನೇರವಾಗಿ ಹಾಡಬೇಕು, ಆದರೆ ವಾದ್ಯ ಎಲ್ಲ ಮೊದಲೇ ರೆಕಾರ್ಡ್ ಆಗಿರುತ್ತೆ. 1998ರ ತನಕ ಆರ್ಕೆಸ್ಟ್ರಾ ಇತ್ತು, ಆಮೇಲೆ ತೆಗೆದರು. ಗಿಟಾರ್ ಹಿಡಿದು ಕುಣಿಯುವವರು ನಿಜಕ್ಕೂ ಬಾರಿಸ್ತಿರಲ್ಲ. ನನಗೆ ಇದು ಸ್ವಲ್ಪ ಬೇಜಾರಿನ ವಿಷಯವೇ. ಸುಮಾರು 40 ಸೆಕೆಂಡಿನಲ್ಲಿ ವೇದಿಕೆ ಬದಲಾಗಬೇಕು, ಆ ಹೊತ್ತಿಗೆ ಒಂದು ಚಿಕ್ಕ ಫಿಲ್ಮ್ ತೋರಿಸ್ತಾರೆ, ಅಷ್ಟರಲ್ಲಿ ಇಡೀ ಬ್ಯಾಂಡಿನ ವೈರ್ ಜೋಡಿಸಿ ಸದ್ದು ಸರಿ ಮಾಡೋದು ಆಗದ ಮಾತು ಅನ್ನೋದೂ ಗೊತ್ತು. ತೀರ್ಪುಗಾರರು ಶನಿವಾರದ ಫೈನಲ್ ನೋಡಿ ಅಂಕ ಹಾಕಲ್ಲ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಿಂದಿನ ರಾತ್ರಿಯ ರಿಹರ್ಸಲ್‌ನಲ್ಲೇ ಅವರ ಕೆಲಸ ಮುಗಿದಿರುತ್ತೆ. ಅಂದರೆ ಹಾಡುವವರು ಎರಡು ರಾತ್ರಿ ಒಂದೇ ಸಮ ಹಾಡಬೇಕು. ಶುಕ್ರವಾರ ಗಂಟಲು ಕೈಕೊಟ್ಟರೆ, ಶನಿವಾರ ಎಷ್ಟೇ ಚೆನ್ನಾಗಿ ಹಾಡಿದರೂ ಅರ್ಧ ಅಂಕ ಆಗಲೇ ಹೋಗಿರುತ್ತೆ.

ನಮ್ಮ ಕಿವಿಗೆ ಈ ಸಂಗೀತದಲ್ಲಿ ಒಂದು ಜಾಗ ವಿಚಿತ್ರ ಅನ್ನಿಸುತ್ತೆ. ನಮ್ಮ ಕಾಕಾ ಭಜನಾ ಮೇಳದಲ್ಲಿ ಪೇಟಿ ನುಡಿಸ್ತಾರೆ. ಅವರಿಗೆ ಒಂದು ಹಳೇ ಯೂರೋವಿಷನ್ ಹಾಡು ಹಾಕಿಕೊಟ್ಟೆ. ಕಣ್ಣು ಮುಚ್ಚಿ, ಬೆರಳನ್ನು ತೊಡೆ ಮೇಲೆ ಪೇಟಿಯ ಮನೆಗಳ ಮೇಲಿಟ್ಟ ಹಾಗೆ ಆಡಿಸ್ತಾ ಕೇಳಿದರು. ಕೊನೇ ಪಲ್ಲವಿಗೆ ಬೆರಳು ಗಕ್ಕನೆ ನಿಂತಿತು. "ಹಾಡು ಛಲೋ ಅದ ತಮ್ಮಾ, ಆದ್ರ ಸಾ ಎಲ್ಲಿ ಹೋಯ್ತು?" ಅಂದರು. ಅವರ ಕಿವಿ ಹಿಡಿದದ್ದು ಸರಿಯಾಗಿಯೇ ಇತ್ತು. ಕೊನೇ ಪಲ್ಲವಿಯಲ್ಲಿ ಇಡೀ ಶ್ರುತಿಯನ್ನೇ ಅರ್ಧ ಸ್ವರವೋ ಒಂದು ಸ್ವರವೋ ಮೇಲಕ್ಕೆ ಎತ್ತಿಬಿಡೋದು ಈ ಸ್ಪರ್ಧೆಯ ಹಳೇ ರೂಢಿ. ಅದೇ ಪಲ್ಲವಿ, ಅದೇ ಮಾತು, ಆದರೆ ಕೇಳುವವರಿಗೆ ಒಮ್ಮೆಲೇ ಎದೆ ಉಬ್ಬಿದ ಹಾಗೆ ಆಗುತ್ತೆ. ನಮ್ಮಲ್ಲಿ ತಂಬೂರಿ ಒಮ್ಮೆ ಶ್ರುತಿ ಮಾಡಿದರೆ ಮುಗೀತು. ಸಾ ಅಲ್ಲಾಡಬಾರದು, ಏನೇ ಏರಿಳಿತ ಇದ್ದರೂ ಆ ಸಾ ಮೇಲೆಯೇ. ಅವರ ಸಂಗೀತದಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಸ್ವರ ಸೇರಿಸಿ ನುಡಿಸುವ ಕಾರ್ಡ್‌ಗಳೇ ಬುನಾದಿ, ಆ ಬುನಾದಿ ಜಾಗ ಬದಲಿಸುತ್ತಾ ಹೋಗೋದರಲ್ಲೇ ಭಾವ ಇರೋದು. ಮೇಲಿನ ರಾಗ ಒಂದೇ ಸ್ವರದಲ್ಲಿ ನಿಂತಿದ್ದರೂ ಕೆಳಗೆ ಕಾರ್ಡ್ ಬದಲಾದರೆ ಆ ಸ್ವರದ ಬಣ್ಣವೇ ಬದಲಾಗುತ್ತೆ. ಎರಡನೇ ಸಲ ಕೇಳುವಾಗ ಹಾಡುವವರನ್ನು ಬಿಟ್ಟು ಕೆಳಗಿನ ಬಾಸ್ ಸದ್ದನ್ನು ಮಾತ್ರ ಹಿಂಬಾಲಿಸಿ ನೋಡಿ, ನಾನು ಹೇಳ್ತಿರೋದು ಗೊತ್ತಾಗುತ್ತೆ.

ಅದೇ ಸಂಜೆ ಕಾಕಾಗೆ 2017ರ ಪೋರ್ಚುಗಲ್ ಹಾಡನ್ನೂ ಕೇಳಿಸಿದೆ. ಕೀವ್‌ನಲ್ಲಿ ಸಾಲ್ವಡೋರ್ ಸೋಬ್ರಾಲ್ ದೊಡ್ಡ ವೇದಿಕೆ ಬಿಟ್ಟು, ಜನರ ನಡುವಿದ್ದ ಚಿಕ್ಕ ವೇದಿಕೆಯ ಮೇಲೆ ಒಬ್ಬನೇ ನಿಂತು ಹಾಡಿದ. ಕುಣಿತ ಇಲ್ಲ, ಬೆಂಕಿ ಇಲ್ಲ. ಹಾಡು ಬರೆದದ್ದು ಅವನ ಅಕ್ಕ ಲೂಯಿಸಾ ಅಂತ ಕಾಕಾಗೆ ಹೇಳಿದೆ. ಪೂರ್ತಿ ಪೋರ್ಚುಗೀಸ್ ಭಾಷೆಯಲ್ಲಿದ್ದ ಆ ಹಾಡು ತೀರ್ಪುಗಾರರಿಂದ 382, ಜನರಿಂದ 376, ಒಟ್ಟು 758 ಅಂಕ ಗಳಿಸಿತು. ಎರಡು ಕಿವಿಗಳೂ ಒಂದೇ ಮಾತಿಗೆ ಒಪ್ಪಿದ ಅಪರೂಪದ ರಾತ್ರಿ ಅದು. 1964ರಿಂದ ಹಾಡ್ತಾ ಬಂದಿದ್ದ ಪೋರ್ಚುಗಲ್‌ಗೆ ಅದೇ ಮೊದಲ ಗೆಲುವು. ಕಾಕಾ ಏನೂ ಮಾತಾಡದೆ "ಇನ್ನೊಮ್ಮೆ ಹಾಕು" ಅಂದರು.

ಭಾಷೆಯ ಪ್ರಶ್ನೆ ಇಲ್ಲಿ ದೊಡ್ಡದು. 1966ರಿಂದ 1972ರ ತನಕ, ಮತ್ತೆ 1977ರಿಂದ 1998ರ ತನಕ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕು ಅನ್ನೋ ನಿಯಮ ಇತ್ತು. ನಡುವಿನ ಸಡಿಲದ ವರ್ಷಗಳಲ್ಲಿ, 1974ರಲ್ಲಿ, ಸ್ವೀಡನ್ನಿನ ಅಬ್ಬಾ ತಂಡ ಇಂಗ್ಲಿಷ್‌ನಲ್ಲಿ ಹಾಡಿ ಗೆದ್ದಿತು. 1999ರಿಂದ ಮತ್ತೆ ಯಾವ ಭಾಷೆ ಆದರೂ ಸರಿ. ಇಂಗ್ಲಿಷ್ ಹಾಡುಗಳ ಹೊಳೆ ಹರಿಯಿತು. ಆದರೂ ಸರ್ಬಿಯನ್, ಪೋರ್ಚುಗೀಸ್, ಇಟಾಲಿಯನ್, ಉಕ್ರೇನಿಯನ್ ಹಾಡುಗಳು ಗೆದ್ದಿವೆ. ಜಮಾಲಾ ತನ್ನ ಪಲ್ಲವಿಯನ್ನು ಕ್ರಿಮಿಯನ್ ತಾತಾರ್ ಭಾಷೆಯಲ್ಲಿ ಹಾಡಿದಳು. 1944ರಲ್ಲಿ ಅವಳ ಸಮುದಾಯವನ್ನು ಊರಿಂದಲೇ ಎಬ್ಬಿಸಿ ಓಡಿಸಿದ ನೆನಪಿನ ಹಾಡು ಅದು. ಬೆಲ್ಜಿಯಂ 2003ರಲ್ಲಿ ಯಾವ ದೇಶದಲ್ಲೂ ಇಲ್ಲದ, ತಾವೇ ಕಟ್ಟಿದ ಭಾಷೆಯಲ್ಲಿ ಹಾಡಿ ಎರಡನೇ ಸ್ಥಾನ ಪಡೆಯಿತು. ನನ್ನ ಮಟ್ಟಿಗೆ, ತಮ್ಮ ಭಾಷೆಯಲ್ಲಿ ಹಾಡಿದಾಗ ದನಿಯಲ್ಲಿ ಬರುವ ಸಲೀಸು ಕಲಿತ ಇಂಗ್ಲಿಷ್‌ನಲ್ಲಿ ಬರಲ್ಲ. ಅರ್ಥ ಗೊತ್ತಿಲ್ಲದ ನನಗೂ ಅದು ಕೇಳಿಸುತ್ತೆ.

ರಾಜಕೀಯ ಇಲ್ಲವಾ? ಇದೆ. ನೆರೆಹೊರೆಯ ದೇಶಗಳು ಒಬ್ಬರಿಗೊಬ್ಬರು ಅಂಕ ಕೊಡೋದು ಹಳೇ ಕಥೆ, ಗ್ರೀಸ್ ಮತ್ತು ಸೈಪ್ರಸ್ ನಡುವಿನ 12 ಅಂಕ ಎಲ್ಲರಿಗೂ ಗೊತ್ತಿದ್ದದ್ದೇ. 2022ರಲ್ಲಿ ರಷ್ಯಾವನ್ನು ಹೊರಗಿಟ್ಟರು. 2025ರಲ್ಲಿ ಇಸ್ರೇಲ್‌ಗೆ ಜನರಿಂದ 297, ತೀರ್ಪುಗಾರರಿಂದ 60 ಬಂದಾಗ ಮತ ಪ್ರಚಾರದ ಬಗ್ಗೆ ದೊಡ್ಡ ಗಲಾಟೆ ಎದ್ದಿತು. ಗಾಜಾ ಯುದ್ಧದ ಕಾರಣಕ್ಕೆ ಇಸ್ರೇಲ್ ಭಾಗವಹಿಸೋದನ್ನು ವಿರೋಧಿಸಿ ಸ್ಪೇನ್, ನೆದರ್‌ಲೆಂಡ್ಸ್, ಐರ್ಲೆಂಡ್, ಸ್ಲೊವೇನಿಯಾ, ಐಸ್‌ಲೆಂಡ್ 2026ರ ವಿಯೆನ್ನಾ ಸ್ಪರ್ಧೆಯಿಂದ ದೂರ ಉಳಿಯಲು ನಿರ್ಧರಿಸಿದವು. ಆ ಸ್ಪರ್ಧೆಗೆ ನಿಯಮಗಳನ್ನೂ ಬದಲಿಸಿದರು: ಒಬ್ಬರು ಹಾಕಬಹುದಾದ ವೋಟು 20ರಿಂದ 10ಕ್ಕೆ ಇಳಿಯಿತು, ಪ್ರತಿ ದೇಶದ ತೀರ್ಪುಗಾರರು 5ರಿಂದ 7 ಆದರು, ಸೆಮಿಫೈನಲ್‌ಗೂ ತೀರ್ಪುಗಾರರು ಮರಳಿದರು. ಹಾಡಿನ ಹಬ್ಬಕ್ಕೆ ಇದೆಲ್ಲ ಯಾಕೆ ಅನ್ನೋರು ಇದ್ದಾರೆ. ದೇಶದ ಬಾವುಟ ಹಿಡಿದು ಹಾಡಿದ ಮೇಲೆ ದೇಶದ ಜಗಳವೂ ಜೊತೆಗೆ ಬರುತ್ತೆ, ಅದನ್ನು ಕಾಣದ ಹಾಗೆ ಕೂರೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಈಗ ನೋಡೋದು ಹೇಗೆ ಅಂತ. ಸ್ಪರ್ಧೆ ಮೇ ತಿಂಗಳಲ್ಲಿ ನಡೆಯುತ್ತೆ. ಮಂಗಳವಾರ, ಗುರುವಾರ ಸೆಮಿಫೈನಲ್, ಶನಿವಾರ ಫೈನಲ್. ಅಲ್ಲಿ ರಾತ್ರಿ 9ಕ್ಕೆ ಶುರು ಅಂದರೆ ನಮಗೆ ನಡುರಾತ್ರಿ 12.30. ಹಾಗಾಗಿ ಅವರ ಶನಿವಾರ ನಮ್ಮ ರವಿವಾರ. ಮುಗಿಯೋ ಹೊತ್ತಿಗೆ ಬೆಳಗಿನ ಜಾವ ನಾಲ್ಕು ದಾಟಿರುತ್ತೆ. ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತೇ ಇದೆ, ಹಗಲು 42 ಡಿಗ್ರಿ ಕಾದ ಮನೆಯೊಳಗೆ ಹೇಗೂ ನಿದ್ದೆ ಬರಲ್ಲ, ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕಿರ್ತಾರೆ. ಆ ಲೆಕ್ಕದಲ್ಲಿ ಇದು ನಮಗೆ ಹೇಳಿ ಮಾಡಿಸಿದ ಸಮಯ. ಯೂರೋವಿಷನ್‌ನ ಸ್ವಂತ ಯೂಟ್ಯೂಬ್ ಚಾನೆಲ್‌ನಲ್ಲಿ ನೇರ ಪ್ರಸಾರ ಬರುತ್ತೆ. ಫೋನ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ, ಆ ಕಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಒಂದು ಒಳ್ಳೇ ಸ್ಪೀಕರ್ ಇದ್ದರೆ ಬಾಸ್ ಕೇಳಿಸುತ್ತೆ, ಪಕ್ಕದ ಮಾಳಿಗೆಯವರು ಮಲಗಿದ್ದರೆ ಇಯರ್‌ಫೋನ್. ಸುಸಲಾ, ಮಿರ್ಚಿ ಸಂಜೆಯೇ ತಂದಿಟ್ಟುಕೊಂಡರೆ ನಡುವೆ ಏಳಬೇಕಾಗಲ್ಲ.

ಒಂದು ವಹಿ ಹಿಡಿದು ಕೂತುಕೊಳ್ಳಿ. ಪ್ರತಿ ಹಾಡು ಮುಗಿದ ತಕ್ಷಣ ಎರಡು ಅಂಕ ಬರೆಯಿರಿ, ನೀವು ತೀರ್ಪುಗಾರ ಆಗಿದ್ದರೆ ಎಷ್ಟು, ಮನೆಯಲ್ಲಿ ಕೂತ ಪ್ರೇಕ್ಷಕನಾಗಿ ಎಷ್ಟು. ಮೊದಮೊದಲು ಎರಡೂ ಒಂದೇ ಬರುತ್ತೆ. ಹತ್ತು ಹಾಡು ದಾಟಿದ ಮೇಲೆ ಬೇರೆಯಾಗೋಕೆ ಶುರುವಾಗುತ್ತೆ, ಅಲ್ಲಿಂದ ಮುಂದೆ ನಿಮ್ಮ ಕಿವಿ ಏನು ಕೇಳ್ತಿದೆ ಅಂತ ನಿಮಗೇ ಕಾಣಿಸುತ್ತೆ. ಹಾಡುಗಳ ಸರದಿಯ ಮೇಲೂ ಕಣ್ಣಿಡಿ. 2013ರಿಂದ ಯಾವ ಹಾಡು ಯಾವಾಗ ಅಂತ ಬಹುಪಾಲು ಕಾರ್ಯಕ್ರಮ ಮಾಡುವವರೇ ತೀರ್ಮಾನಿಸ್ತಾರೆ. ಎರಡು ಮೆಲುಹಾಡು ಅಕ್ಕಪಕ್ಕ ಬರದ ಹಾಗೆ ಜೋಡಿಸ್ತಾರೆ. ಮೊದಲೇ ಬಂದ ಹಾಡು ವೋಟಿನ ಹೊತ್ತಿಗೆ ಮರೆತುಹೋಗುವ ಅಪಾಯ ಇದ್ದೇ ಇದೆ.

ಫಲಿತಾಂಶದ ಒಂದು ಗಂಟೆ ಮಾತ್ರ ತಪ್ಪಿಸಬೇಡಿ. ಮೊದಲು ಒಂದೊಂದು ದೇಶದಿಂದ ಒಬ್ಬರು ತೆರೆ ಮೇಲೆ ಬಂದು ತಮ್ಮ ತೀರ್ಪುಗಾರರ 12 ಅಂಕ ಯಾರಿಗೆ ಅಂತ ಹೇಳ್ತಾರೆ, ಉಳಿದ ಅಂಕ ತಾನಾಗಿ ಪಟ್ಟಿಯಲ್ಲಿ ಬರುತ್ತೆ. ಆಮೇಲೆ ಜನರ ಅಂಕವನ್ನು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತಾ ಬರ್ತಾರೆ. ಕೊನೆಗೆ ಉಳಿಯೋದು ತೀರ್ಪುಗಾರರ ಮೆಚ್ಚಿನ ಹಾಡು. ಅದಕ್ಕೆ ಎಷ್ಟು ಬೇಕು, ಎಷ್ಟು ಬರುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿರುತ್ತೆ. 2025ರಲ್ಲಿ ಆಸ್ಟ್ರಿಯಾದ ಜೇಜೇ ಹಾಗೆ ಕಾದು ಕೂತಿದ್ದ. ಹೆಣ್ಣುದನಿಯಷ್ಟು ಎತ್ತರದಲ್ಲಿ ಒಪೆರಾ ಶೈಲಿಯಲ್ಲಿ ಹಾಡಿ, ಕೊನೆಗೆ ಟೆಕ್ನೋ ಬೀಟ್‌ಗೆ ಹಾರಿದ್ದ ಹುಡುಗ. ತೀರ್ಪುಗಾರರಿಂದ 258 ಇತ್ತು, ಜನರಿಂದ 178 ಬಂತು, 436ಕ್ಕೆ ಗೆದ್ದ.

2023ರಿಂದ ನಾವೂ ವೋಟ್ ಹಾಕಬಹುದು. ಸ್ಪರ್ಧೆಯಲ್ಲಿ ಇಲ್ಲದ ದೇಶಗಳ ಎಲ್ಲ ವೋಟು ಒಟ್ಟು ಸೇರಿಸಿ, ಅದನ್ನು ಒಂದು ದೇಶ ಅಂತ ಲೆಕ್ಕ ಹಿಡಿದು 58 ಅಂಕ ಕೊಡ್ತಾರೆ. ಆನ್‌ಲೈನ್‌ನಲ್ಲಿ ಕಾರ್ಡ್ ಮೂಲಕ ದುಡ್ಡು ಕಟ್ಟಿ ವೋಟ್ ಹಾಕಬೇಕು. ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಸಾಮಾನ್ಯವಾಗಿ ಬಂದ್ ಆಗಿರುತ್ತೆ, ಬ್ಯಾಂಕ್ ಆ್ಯಪ್‌ನಲ್ಲಿ ಹಗಲೇ ಅದನ್ನು ಆನ್ ಮಾಡಿಟ್ಟುಕೊಳ್ಳಿ, ವೋಟ್ ಹಾಕಿದ ಮೇಲೆ ಮತ್ತೆ ಆಫ್ ಮಾಡಿ.

ಮೇ ತನಕ ಕಾಯೋಕೆ ಆಗಲ್ಲ ಅನ್ನೋರಿಗೆ ದಾರಿ ಇದೆ. ಪ್ರತಿ ದೇಶವೂ ತನ್ನ ಹಾಡನ್ನು ತಾನೇ ಆರಿಸಬೇಕಲ್ಲ, ಆ ಆಯ್ಕೆಯ ಸ್ಪರ್ಧೆಗಳು ಚಳಿಗಾಲದಲ್ಲೇ ನಡೆಯುತ್ತವೆ. ಇಟಲಿಯಲ್ಲಿ ಅದೇ ಸಾನ್ರೆಮೋ, ಐದು ರಾತ್ರಿ, ಈಗಲೂ ಆರ್ಕೆಸ್ಟ್ರಾ ಜೊತೆಗೇ. ಗೆದ್ದವರಿಗೆ ಯೂರೋವಿಷನ್‌ಗೆ ಹೋಗುವ ಮೊದಲ ಹಕ್ಕು. ವಾದ್ಯದ ಸದ್ದು ನೇರವಾಗಿ ಕೇಳಬೇಕು ಅನ್ನೋರು ಅಲ್ಲಿಂದಲೇ ಶುರು ಮಾಡಿ.